ಎತ್ತು, ಕರು, ಗುಹೆ: ಎರಡು ಕಾದಂಬರಿಗಳಲ್ಲಿ ಮನುಷ್ಯ–ಪ್ರಾಣಿ ಸಂಬಂಧ

ಮನುಷ್ಯ ಮತ್ತು ಪ್ರಾಣಿಗಳ ಒಡನಾಟವನ್ನು ಕುರಿತ ಕನ್ನಡ ಬರವಣಿಗೆಯ ಚರ್ಚೆ ಸಾಮಾನ್ಯವಾಗಿ ಗೋವಿನ ಹಾಡಿನಿಂದ ತೊಡಗಿ ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ಯವರೆಗೆ ಸಾಗುತ್ತದೆ. ಪುಣ್ಯಕೋಟಿಯ ಕಥನದಲ್ಲಿ ಸತ್ಯನಿಷ್ಠೆಯೂ ತೇಜಸ್ವಿಯವರ ನಾಯಿ ಕಿವಿಯ ಪ್ರಸಂಗಗಳಲ್ಲಿ ಕುತೂಹಲವೂ ಮುಖ್ಯ. ಕಾಸರಗೋಡನ್ನು ಒಳಗೊಂಡಿದ್ದ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ನೆಲದಿಂದ ಹುಟ್ಟಿದ ಎರಡು ಕಾದಂಬರಿಗಳನ್ನು ಒಟ್ಟಿಗೆ ಇಟ್ಟು ಓದಿದರೆ ಇದೇ ಸಂಬಂಧದ ಇನ್ನೊಂದು ಚರಿತ್ರೆ ಗೋಚರಿಸುತ್ತದೆ. ಒಂದು, ಶಿವರಾಮ ಕಾರಂತರ ‘ಚೋಮನ ದುಡಿ’ (1933). ಇನ್ನೊಂದು, ಅಂಬಿಕಾಸುತನ್ ಮಾಙಾಡ್ ಅವರ ಮಲಯಾಳಂ ಕಾದಂಬರಿ ‘ಎಣ್ಮಕಜೆ’ (2009).

ಚೋಮನ ಎತ್ತುಗಳು ಕೊಂಡವಲ್ಲ; ಕಾಡಿನಲ್ಲಿ ದಿಕ್ಕಿಲ್ಲದೆ ಅಲೆಯುತ್ತಿದ್ದವನ್ನು ಅವನು ಸಾಕಿದ್ದಾನೆ. ಉಳುವ ಎತ್ತುಗಳಿದ್ದರೂ ಉಳಲು ಗದ್ದೆಯಿಲ್ಲ, ಏಕೆಂದರೆ ಅಸ್ಪೃಶ್ಯನು ಬೇಸಾಯಗಾರನಾಗುವುದನ್ನು ಊರ ಕಟ್ಟಳೆ ಒಪ್ಪದು. ಭೂಮಿಯ ಆಸೆಯಿಂದ ಮತಾಂತರಕ್ಕೆ ಹೊರಟಾಗಲೂ ಅವನನ್ನು ತಡೆಯುವುದು ಹಂದಿಯ ರೂಪದ ದೈವ ಪಂಜುರ್ಲಿಯ ಮೇಲಣ ನಂಬಿಕೆ. ಕಡೆಗೆ ನೇಗಿಲು ಮುರಿಯುತ್ತದೆ, ಎತ್ತುಗಳು ಕಾಡಿಗೆ ಮರಳುತ್ತವೆ, ದುಡಿಯ ಸದ್ದು ಉಳಿಯುತ್ತದೆ. ಎತ್ತುಗಳ ಮೇಲಿನ ಅವನ ಪ್ರೀತಿಯನ್ನು ಭೂಮಿಯ ಮೇಲಿನ ಹಂಬಲದಿಂದ ಬೇರ್ಪಡಿಸಲು ಕಾರಂತರ ಕಥನ ಅವಕಾಶ ಕೊಡುವುದಿಲ್ಲ.

ಈ ಕಾದಂಬರಿ ಪ್ರಕಟವಾದಾಗ ಕಾಸರಗೋಡು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. 1956ರ ನವೆಂಬರ್ 1ರಂದು ಅದು ಕೇರಳಕ್ಕೆ ಸೇರಿತು; 1984ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ರದ್ದಾಯಿತು. ಆದರೆ ತೋಟಗಳು ಭೂಮಿತಿಯ ಹೊರಗೆ ಉಳಿದವು. ಸರಕಾರಿ ಸ್ವಾಮ್ಯದ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ ತನ್ನ ಗೇರು ತೋಟಗಳ ಟೀ ಸೊಳ್ಳೆಯ ಕಾಟವನ್ನು ನಿಯಂತ್ರಿಸಲು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ಗುಡ್ಡದ ಮೇಲೆ ತೋಟ, ಇಳಿಜಾರಿನಲ್ಲಿ ಮನೆ, ಹಟ್ಟಿ, ಸುರಂಗ, ಕೆರೆ.

ಅಪಾಯದ ಮೊದಲ ಸಾಕ್ಷಿ ನುಡಿದದ್ದು ಹಟ್ಟಿ. ಕೃಷಿ ಪತ್ರಕರ್ತ ಶ್ರೀಪಡ್ರೆಯವರು 1980ರ ದಶಕದ ಆರಂಭದಲ್ಲಿಯೇ ಅಂಗವಿಕಲವಾಗಿ ಹುಟ್ಟಿದ ಕರುಗಳ ಕುರಿತು ಬರೆದರು. ದನ ಸಾಕುವವರು ಕಂಡದ್ದನ್ನು ಆಡಳಿತ ಕಾಣಲು ಎರಡು ದಶಕ ಬೇಕಾಯಿತು. ದೇಶದಾದ್ಯಂತ ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರ ಮೇಯಲ್ಲಿ.

‘ಎಣ್ಮಕಜೆ’ ಈ ದುರಂತದ ಕಾದಂಬರಿ. ಲೋಕವನ್ನು ತೊರೆದು ಕಾಡು ಸೇರಿದ ನೀಲಕಂಠನ್ ಮತ್ತು ದೇವಯಾನಿಯರ ಬದುಕಿನೊಳಗೆ ಹುಣ್ಣು ತುಂಬಿದ ಮಗುವೊಂದು ಬರುತ್ತದೆ. ಅದರ ಬೆನ್ನಿಗೆ ಊರಿನ ಸಂಕಟವೂ ಬರುತ್ತದೆ. ಹೋರಾಟದ ಕೊನೆಯಲ್ಲಿ ಅವರಿಬ್ಬರೂ ಮನುಷ್ಯಲೋಕವನ್ನು ಕಳಚಿಟ್ಟು ಪ್ರಾಣಿಗಳಿಗೆ ಆಸರೆಯಾದ ಗುಹೆಯನ್ನು ಹೊಗುತ್ತಾರೆ. ಗುಹೆ ಮಾತಾಡುವ ಈ ಭಾಗ ಅತಿವಾಸ್ತವವೆನಿಸಬಹುದು. ಆದರೆ ದೈವದ ಮೂಲಕ ಕಾಡುಹಂದಿಯೂ ಹುಲಿಯೂ ನುಡಿ ಪಡೆಯುವ ನೆಲದಲ್ಲಿ ಅದು ಪರಕೀಯ ತಂತ್ರವಲ್ಲ.

ಎರಡು ಕೃತಿಗಳಲ್ಲೂ ಪ್ರಾಣಿಯ ಜತೆಗಿನ ನಂಟು ಕೆಡುವುದು ಭೂಮಿಯನ್ನು ಯಾರು ಆಳುತ್ತಾರೆ ಎಂಬಲ್ಲಿ. ಚೋಮನಿಗೆ ಧಣಿಯ ಮನೆಯ ಅಂಗಳ ಗೊತ್ತಿತ್ತು, ಅಲ್ಲಿ ನಿಂತು ಬೇಡಬಹುದಿತ್ತು. ಎಣ್ಮಕಜೆಯವರ ಮೇಲೆ ವಿಷ ಬಿದ್ದದ್ದು ಆಕಾಶದಿಂದ.

ತೌಲನಿಕ ಓದಿಗೆ ಇಲ್ಲಿ ಇನ್ನೊಂದು ಹೊಣೆಯೂ ಇದೆ. ಕನ್ನಡ, ತುಳು, ಮಲಯಾಳಂ, ಮರಾಠಿ ಬೆರೆತ ಗಡಿಯ ಗ್ರಾಮವೊಂದರ ನೋವು ಮಲಯಾಳಂ ಕಾದಂಬರಿಯಾಗಿ ಲೋಕವನ್ನು ತಲುಪಿತು. ಕನ್ನಡದಲ್ಲಿ ಮಾತ್ರ ಓದಿದರೆ ಈ ಚರಿತ್ರೆ ಚೋಮನ ಗುಡಿಸಲಿನ ಮುಚ್ಚಿದ ಬಾಗಿಲಿಗೆ ನಿಲ್ಲುತ್ತದೆ; ಮಲಯಾಳಂನಲ್ಲಿ ಮಾತ್ರ ಓದಿದರೆ ಅದು ಹೆಲಿಕಾಪ್ಟರಿನಿಂದ ಶುರುವಾಗುತ್ತದೆ. 1933ರ ಎತ್ತುಗಳಿಗೆ ಮರಳಲು ಕಾಡಾದರೂ ಇತ್ತು. 2009ರ ಕಾದಂಬರಿ ತೊಡಗುವುದು ಆ ಕಾಡಿನ ನೀರೇ ವಿಷವಾದ ಮೇಲೆ.