ಹೊಟ್ಟಿನ ಕೆಳಗಿನ ನೆತ್ತರು

ಲಂಡನ್ನಿನ ವೈದ್ಯ ರಾಬರ್ಟ್ ವಿಲ್ಲನ್ 1808ರಲ್ಲಿ ಚರ್ಮರೋಗಗಳ ಪುಸ್ತಕ ಹೊರತಂದಾಗ ಅವನಿಗಿದ್ದ ಸಲಕರಣೆ ಎರಡು ಕಣ್ಣುಗಳಷ್ಟೇ. ಬಣ್ಣ, ಆಕಾರ, ಉದುರುವ ಹೊಟ್ಟು ನೋಡಿ ರೋಗಗಳನ್ನು ವಿಂಗಡಿಸಿದ. ಇಷ್ಟೆಲ್ಲ ಮಾಡಿಯೂ ನಾವಿಂದು ಸೋರಿಯಾಸಿಸ್ ಎನ್ನುವುದರ ಒಂದು ಬಗೆಗೆ ‘ಲೆಪ್ರ’ ಎಂದೇ ಹೆಸರಿಟ್ಟ. ಕುಷ್ಠದ ಹೆಸರು ಅಂಟಿಸಿಕೊಂಡವರ ಪಾಡು ಊಹಿಸುವುದು ಕಷ್ಟವೇನಲ್ಲ. ವಿಯೆನ್ನಾದ ಫರ್ಡಿನಾಂಡ್ ಹೆಬ್ರಾ 1841ರಲ್ಲಿ ಆ ಗಂಟು ಬಿಡಿಸಿದ.

ಆಗಿನ ಚರ್ಮವೈದ್ಯರು ನೆತ್ತರು ನೋಡುತ್ತಿದ್ದುದು ಒಂದೇ ಕಡೆ. ಮೊಣಕೈ ಮೇಲಿನ ಬೆಳ್ಳಿಬಣ್ಣದ ಹೊಟ್ಟನ್ನು ಉಗುರಿನಿಂದ ಮೆಲ್ಲಗೆ ಕೆರೆದರೆ ಅಡಿಯಲ್ಲಿ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆಗಳು ಮೂಡುತ್ತವೆ. ಅದಕ್ಕೆ ಆಸ್ಪಿಟ್ಸ್ ಲಕ್ಷಣ ಎಂದು ಹೆಸರು. ಚುಕ್ಕೆ ಕಂಡಿತೆ, ರೋಗ ತಿಳಿಯಿತು. ಆ ನೆತ್ತರಿನೊಳಗೆ ಏನಿದೆ ಎಂದು ಯಾರೂ ಕೇಳಲಿಲ್ಲ.

ಸುಳಿವು ಸಿಕ್ಕಿದ್ದು 1897ರಲ್ಲಿ. ಜರ್ಮನಿಯ ಸ್ಟ್ರಾಸ್ ಎಂಬ ವೈದ್ಯ ಸೋರಿಯಾಸಿಸ್‌ಗೂ ಮೂತ್ರದಲ್ಲಿನ ಸಕ್ಕರೆಗೂ ನಂಟಿದೆ ಎಂದು ಬರೆದ. ಮೂತ್ರಕ್ಕೆ ಫೆಹ್ಲಿಂಗ್ ದ್ರಾವಣ ಹಾಕಿ ಕಾಯಿಸಿದಾಗ ನೀಲಿ ಹೋಗಿ ಇಟ್ಟಿಗೆಗೆಂಪು ಬಂದರೆ ಸಕ್ಕರೆಯಿದೆ ಎಂದರ್ಥವಾಗಿದ್ದ ಕಾಲ ಅದು. ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಈ ಬಣ್ಣ ನೆನಪಿದ್ದೀತು. ಆದರೆ ಮುಲಾಮು, ಡಾಂಬರೆಣ್ಣೆಗಳ ಭರಾಟೆಯಲ್ಲಿ ಆ ಮಾತು ಮೂಲೆ ಸೇರಿತು.

ನೆತ್ತರಿನೊಳಗಿನ ಇನ್ನೊಂದು ಸುಳಿವು ಸಿಕ್ಕಿದ್ದು ಬೇರೊಂದು ರೋಗದಲ್ಲಿ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಟಿಲೆಟ್ ಮತ್ತು ಫ್ರಾನ್ಸಿಸ್ ನೋಡುತ್ತಿದ್ದುದು ನ್ಯುಮೋನಿಯಾ ರೋಗಿಗಳನ್ನು. ಅವರ ರಕ್ತದ ಸೀರಮ್‌ಗೆ ನ್ಯುಮೋಕಾಕಸ್ ಬ್ಯಾಕ್ಟೀರಿಯಾದ ‘ಸಿ’ ಅಂಶ ಬೆರೆಸಿದರೆ ಒತ್ತರ ಕಟ್ಟುತ್ತಿತ್ತು. ರೋಗಿ ಚೇತರಿಸಿಕೊಂಡ ಮೇಲೆ ಕಟ್ಟುತ್ತಿರಲಿಲ್ಲ. ಉರಿಯೂತವಿದ್ದಾಗ ರಕ್ತದಲ್ಲಿ ಏರುವ ಪ್ರೋಟೀನು, ಇಂದಿನ ಲ್ಯಾಬ್ ಚೀಟಿಯ ಸಿಆರ್‌ಪಿ ಹುಟ್ಟಿದ್ದು ಹೀಗೆ.

ಚರ್ಮವೈದ್ಯರನ್ನು ನಿಜಕ್ಕೂ ಬೆಚ್ಚಿಬೀಳಿಸಿದ್ದು 2006ರ ಲೆಕ್ಕ. ಅಮೆರಿಕದ ಜೋಯೆಲ್ ಗೆಲ್ಫಾಂಡ್ ತಂಡ ಬ್ರಿಟನ್ನಿನ ಕುಟುಂಬವೈದ್ಯರ ದಾಖಲೆಗಳಲ್ಲಿದ್ದ ಸುಮಾರು 1,30,000 ಸೋರಿಯಾಸಿಸ್ ರೋಗಿಗಳನ್ನು ಪರಿಶೀಲಿಸಿತು. ಮಧುಮೇಹ, ರಕ್ತದೊತ್ತಡ, ಧೂಮಪಾನ, ತೂಕಗಳ ಪಾಲು ಕಳೆದ ಮೇಲೂ, ತೀವ್ರ ಸೋರಿಯಾಸಿಸ್ ಇರುವ 30ರ ಹರೆಯದವರಿಗೆ ಹೃದಯಾಘಾತದ ಅಪಾಯ ಉಳಿದವರ ಮೂರು ಪಟ್ಟು, 60ರವರಿಗೆ 1.36 ಪಟ್ಟು. ಎಳೆಯರಲ್ಲೇ ಹೆಚ್ಚು!

2019ರ ಅಮೆರಿಕನ್ ಮಾರ್ಗಸೂಚಿ ಸೋರಿಯಾಸಿಸ್ ರೋಗಿಗಳ ಬಿಪಿ, ಸಕ್ಕರೆ, ಕೊಬ್ಬುಗಳನ್ನೂ ಗಮನಿಸಿ ಎಂದಿತು. ಸಿಆರ್‌ಪಿಯದು ಮಾತ್ರ ತಕರಾರು. ಅದನ್ನು ತಯಾರಿಸುವುದು ಯಕೃತ್ತು. ಉರಿಯೂತದ ಸಂದೇಶ ಚರ್ಮದಿಂದಲೂ ಬರುತ್ತದೆ, ಹೊಟ್ಟೆಯ ಬೊಜ್ಜಿನಿಂದಲೂ ಬರುತ್ತದೆ. ಬೊಜ್ಜಿರುವ ಸೋರಿಯಾಸಿಸ್ ರೋಗಿಯ ಚೀಟಿಯಲ್ಲಿ ಅಂಕಿ ಏರಿದ್ದರೆ, ಏರಿಸಿದ್ದು ಯಾವುದು ಎಂದು ಆ ಚೀಟಿ ಹೇಳುವುದಿಲ್ಲ. ಹಾಗಾಗಿ ಚರ್ಮವೈದ್ಯರ ಮೇಜಿನ ಮೇಲೆ ಭೂತಗನ್ನಡಿಯ ಪಕ್ಕ ಈಗ ಸೊಂಟ ಅಳೆಯುವ ಟೇಪೂ ಬಂದು ಕೂತಿದೆ.