ಅಭ್ಯರ್ಥಿಯ ದನಿಗೆ ಎಷ್ಟು ಜಾಗ? ಬಾನುಲಿಯಿಂದ ಜಾಲತಾಣದವರೆಗೆ

ರಾತ್ರಿ ಹೊತ್ತು ರೇಡಿಯೋದಲ್ಲಿ ಮಧ್ಯಮ ತರಂಗದ ಕೇಂದ್ರವೊಂದನ್ನು ಕೇಳುತ್ತಿರುವಾಗ, ಅದರೊಡನೆ ದೂರದ ಇನ್ನೊಂದು ಕೇಂದ್ರದ ದನಿ ಬೆರೆಯುವುದನ್ನು ನೀವು ಗಮನಿಸಿರಬಹುದು. ರಾತ್ರಿ ಅಯಾನುಗೋಳವು ಈ ತರಂಗಗಳನ್ನು ಭೂಮಿಯತ್ತ ಹಿಂದಿರುಗಿಸುವುದರಿಂದ ಅವು ನೂರಾರು ಕಿಲೋಮೀಟರ್ ದೂರ ಸಾಗುತ್ತವೆ. ಚುನಾವಣೆಯ ಅಭ್ಯರ್ಥಿಗಳನ್ನು ಸಾಮಾಜಿಕ ಜಾಲತಾಣಗಳು ಹೇಗೆ ನಡೆಸಿಕೊಳ್ಳಬೇಕು ಎಂಬ ಇಂದಿನ ವಿವಾದದ ಬೇರು ಇಂಥ ಭೌತ ಸಂಗತಿಯಲ್ಲೇ ಇದೆ ಎಂದರೆ ನಿಮಗೆ ಅಚ್ಚರಿಯಾದೀತು. ಅದನ್ನು ತಿಳಿಯಲು ಅಮೆರಿಕದ ಸುಮಾರು ನೂರು ವರ್ಷಗಳ ಇತಿಹಾಸವನ್ನು ನೋಡೋಣ.

ಆಕಾಶದಲ್ಲಿ ನೂಕುನುಗ್ಗಲು

ಬಾನುಲಿ ಕೇಂದ್ರವು ತನ್ನ ಆವೃತ್ತಿಯ ಎರಡೂ ಬದಿಯಲ್ಲಿ ಸ್ವಲ್ಪ ಜಾಗ ಹಿಡಿಯುತ್ತದೆ. ಆದ್ದರಿಂದ ಕೇಂದ್ರಗಳ ನಡುವೆ ಅಂತರ ಬೇಕು. ಅಂದು ಅಮೆರಿಕದಲ್ಲಿ ಬಳಸುತ್ತಿದ್ದ ಪಟ್ಟಿ 550ರಿಂದ 1500 ಕಿಲೋಹರ್ಟ್ಸ್. ಅಂತರ 10 ಕಿಲೋಹರ್ಟ್ಸ್. ಲೆಕ್ಕ ಹಾಕಿದರೆ ಸಿಗುವುದು 96 ಸ್ಥಾನಗಳು ಮಾತ್ರ. ಕೇಂದ್ರಗಳೋ 700ಕ್ಕೂ ಹೆಚ್ಚು! ಆವೃತ್ತಿ ಹಂಚುವ ಅಧಿಕಾರ ಸರ್ಕಾರಕ್ಕಿಲ್ಲವೆಂದು 1926ರಲ್ಲಿ ನ್ಯಾಯಾಲಯವೊಂದು ಹೇಳಿದ ಮೇಲಂತೂ ಒಬ್ಬರ ದನಿಯ ಮೇಲೆ ಇನ್ನೊಬ್ಬರ ದನಿ ಬಿದ್ದು ಗೊಂದಲವೇ ಗೊಂದಲ.

1927ರ ರೇಡಿಯೋ ಕಾಯಿದೆಯಿಂದ ಪರವಾನಗಿ ಪದ್ಧತಿ ಬಂತು. ಎಲ್ಲರಿಗೂ ಜಾಗ ಸಿಗುವಂತಿಲ್ಲವಾದ್ದರಿಂದ, ಜಾಗ ಪಡೆದವರ ಮೇಲೆ ಹೊಣೆಯೂ ಬಿತ್ತು. ಕೇಂದ್ರವು ಒಬ್ಬ ಅಭ್ಯರ್ಥಿಗೆ ಅವಕಾಶ ಕೊಟ್ಟರೆ, ಅದೇ ಹುದ್ದೆಗೆ ಸ್ಪರ್ಧಿಸುವ ಉಳಿದವರಿಗೂ ಸಮಾನ ಅವಕಾಶ ಕೊಡಬೇಕು; ಅವರ ಮಾತಿಗೆ ಕತ್ತರಿ ಹಾಕಕೂಡದು. 1934ರ ಸಂಪರ್ಕ ಕಾಯಿದೆಯ 315ನೆಯ ವಿಧಿಯಾಗಿ ಈ ನಿಯಮ ಮುಂದುವರಿದು, ಟಿವಿಗೂ ಅನ್ವಯವಾಯಿತು.

ಸಮಾನತೆಯನ್ನು ಅಳೆಯುವುದು ಹೇಗೆ?

ನಿಯಮ ಸರಳ, ಪಾಲನೆ ಕಷ್ಟ. 1959ರಲ್ಲಿ ಶಿಕಾಗೋ ನಗರದ ಮೇಯರ್ ಚುನಾವಣೆಗೆ ಲಾರ್ ಡೇಲಿ ಎಂಬಾತ ನಿಂತಿದ್ದ. ಹಾಲಿ ಮೇಯರ್ ರಿಚರ್ಡ್ ಡೇಲಿ ವಿದೇಶಿ ಗಣ್ಯರನ್ನು ಸ್ವಾಗತಿಸುವ ದೃಶ್ಯ ಟಿವಿ ವಾರ್ತೆಯಲ್ಲಿ ಬಂದಾಗ, ತನಗೂ ಅಷ್ಟೇ ಅವಕಾಶ ಬೇಕೆಂದು ಲಾರ್ ಡೇಲಿ ಕೇಳಿದ. ಪ್ರಸಾರ ನಿಯಂತ್ರಣ ಆಯೋಗ ಒಪ್ಪಿತು! ಹೀಗಾದರೆ ವಾರ್ತೆ ಓದುವುದೇ ಅಸಾಧ್ಯವೆಂದು ಅದೇ ವರ್ಷ ಸಂಸತ್ತು ಕಾಯಿದೆಯನ್ನು ತಿದ್ದಿ, ವಾರ್ತಾ ಪ್ರಸಾರಕ್ಕೆ ವಿನಾಯಿತಿ ನೀಡಿತು. ಮರುವರ್ಷ ಕೆನಡಿ ಮತ್ತು ನಿಕ್ಸನ್ ಇಬ್ಬರೇ ಟಿವಿಯಲ್ಲಿ ಚರ್ಚಿಸಲು ಸಾಧ್ಯವಾದದ್ದು, ಅಧ್ಯಕ್ಷ ಚುನಾವಣೆಯ ಮಟ್ಟಿಗೆ ನಿಯಮವನ್ನು ತಾತ್ಕಾಲಿಕವಾಗಿ ಅಮಾನತಿನಲ್ಲಿಟ್ಟಿದ್ದರಿಂದ. ಸಣ್ಣ ಪಕ್ಷಗಳ ಅಭ್ಯರ್ಥಿಗಳು ಹೊರಗುಳಿದರು.

ಪತ್ರಿಕೆಗೆ ಬೇರೆ ಅಳತೆ

ಪತ್ರಿಕೆಗಳಿಗೂ ಇಂಥ ನಿಯಮ ಇರಬಹುದೆ? ಪತ್ರಿಕೆ ಟೀಕಿಸಿದ ಅಭ್ಯರ್ಥಿಯ ಉತ್ತರವನ್ನು ಉಚಿತವಾಗಿ ಅಚ್ಚುಹಾಕಬೇಕೆಂಬ ಕಾನೂನು ಫ್ಲಾರಿಡಾ ರಾಜ್ಯದಲ್ಲಿ 1913ರಿಂದ ಇತ್ತು. 1972ರಲ್ಲಿ ಶಿಕ್ಷಕರ ಸಂಘದ ನಾಯಕ ಪ್ಯಾಟ್ ಟಾರ್ನಿಲೊ ರಾಜ್ಯದ ಶಾಸನಸಭೆಗೆ ಸ್ಪರ್ಧಿಸಿದಾಗ 'ಮಯಾಮಿ ಹೆರಾಲ್ಡ್' ಅವರನ್ನು ಸಂಪಾದಕೀಯದಲ್ಲಿ ಟೀಕಿಸಿತು, ಉತ್ತರವನ್ನು ಅಚ್ಚುಹಾಕಲಿಲ್ಲ. 1974ರಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ಆ ಕಾನೂನನ್ನೇ ರದ್ದು ಮಾಡಿತು. ಏನನ್ನು ಅಚ್ಚುಹಾಕಬೇಕೆಂಬುದು ಸಂಪಾದಕರ ಸ್ವಾತಂತ್ರ್ಯ ಎಂಬುದು ಅದರ ನಿಲುವು. ಅದಕ್ಕೆ ಐದು ವರ್ಷ ಮೊದಲು ಇದೇ ನ್ಯಾಯಾಲಯ, ಆವೃತ್ತಿಗಳ ಕೊರತೆಯ ಕಾರಣ ನೀಡಿ, ಬಾನುಲಿಯಲ್ಲಿ ಉತ್ತರಿಸುವ ಹಕ್ಕನ್ನು ಎತ್ತಿಹಿಡಿದಿತ್ತು ಎಂಬುದನ್ನು ನೆನಪಿಡಿ.

ಮೂರನೆಯ ಮಾಧ್ಯಮ

ಅಂತರಜಾಲದಲ್ಲಿ 96ರ ಮಿತಿ ಇಲ್ಲ. ಬಳಕೆದಾರರು ಬರೆದದ್ದಕ್ಕೆ ತಾಣವು ಹೊಣೆಯಲ್ಲ, ಬೇಡವಾದದ್ದನ್ನು ಸದುದ್ದೇಶದಿಂದ ತೆಗೆದುಹಾಕಲೂಬಹುದು ಎಂದು ಅಮೆರಿಕದ 1996ರ ಕಾನೂನು ಹೇಳಿತು. ಸಂಸತ್ ಭವನದ ಮೇಲೆ ನಡೆದ ದಾಳಿಯ ಎರಡು ದಿನಗಳ ನಂತರ, 2021ರ ಜನವರಿ 8ರಂದು, ಇನ್ನಷ್ಟು ಹಿಂಸೆಗೆ ಪ್ರಚೋದನೆಯಾದೀತೆಂಬ ಕಾರಣ ನೀಡಿ ಟ್ವಿಟರ್ ಅಂದಿನ ಅಧ್ಯಕ್ಷ ಟ್ರಂಪ್ ಅವರ ಖಾತೆಯನ್ನೇ ಮುಚ್ಚಿತು. 2022ರಲ್ಲಿ ಅದು ಮರಳಿ ತೆರೆಯಿತು.

ಇದಕ್ಕೆ ಪ್ರತಿಯಾಗಿ ಕಾನೂನು ಮಾಡಿದ್ದು ಮತ್ತೆ ಫ್ಲಾರಿಡಾ! ರಾಜ್ಯಮಟ್ಟದ ಹುದ್ದೆಯ ಅಭ್ಯರ್ಥಿಯನ್ನು ದೊಡ್ಡ ತಾಣ ಹೊರಹಾಕಿದರೆ ದಿನಕ್ಕೆ 2,50,000 ಡಾಲರ್, ಇತರ ಅಭ್ಯರ್ಥಿಗಳಾದರೆ 25,000 ಡಾಲರ್ ದಂಡ. ಅಭ್ಯರ್ಥಿಯ ಬರಹವನ್ನು ಅಲ್ಗಾರಿದಮ್ ಮೂಲಕ ಮೇಲೆತ್ತುವುದಕ್ಕೂ ಕೆಳಗೆ ತಳ್ಳುವುದಕ್ಕೂ ನಿಷೇಧ. ಜಾರಿಗೆ ಬರುವ ಮುನ್ನವೇ ನ್ಯಾಯಾಲಯ ಇದನ್ನು ತಡೆಯಿತು. 2024ರ ಜುಲೈ 1ರಂದು ಸುಪ್ರೀಂ ಕೋರ್ಟು, ಟಾರ್ನಿಲೊ ಪ್ರಕರಣವನ್ನು ಆಧಾರವಾಗಿಟ್ಟುಕೊಂಡು, ಬರಹಗಳನ್ನು ಆಯ್ದು ಜೋಡಿಸುವುದೂ ಒಂದು ಬಗೆಯ ಅಭಿವ್ಯಕ್ತಿಯೇ ಎಂದಿತು. ಆದರೆ ಅಂತಿಮ ತೀರ್ಮಾನ ನೀಡದೆ, ಮರುಪರಿಶೀಲನೆಗಾಗಿ ಪ್ರಕರಣವನ್ನು ಕೆಳಗಿನ ನ್ಯಾಯಾಲಯಕ್ಕೆ ಕಳುಹಿಸಿತು.

ಹಾಗಾದರೆ ಕೊರತೆ ನಿಜಕ್ಕೂ ಮಾಯವಾಗಿದೆಯೆ? ಬರೆಯುವವರಿಗೆ ಜಾಗದ ಮಿತಿ ಇಲ್ಲ. ಓದುವವರ ಗಮನಕ್ಕೆ ಇದೆ. ಪರದೆಯ ಮೇಲ್ಭಾಗದ ನಾಲ್ಕಾರು ಬರಹಗಳನ್ನಷ್ಟೇ ನಾವು ನೋಡುತ್ತೇವೆ. ಆ ನಾಲ್ಕಾರು ಯಾವುವೆಂದು ಗೊತ್ತುಮಾಡುವುದು ಅಲ್ಗಾರಿದಮ್. ಬಾನುಲಿಯ ಸಮಾನತೆಯನ್ನು ಗಡಿಯಾರದಿಂದ ಅಳೆಯಬಹುದಿತ್ತು. ಪತ್ರಿಕೆಯ ಪಕ್ಷಪಾತ ಎಲ್ಲ ಓದುಗರ ಕೈಯಲ್ಲೂ ಒಂದೇ ರೂಪದಲ್ಲಿ ಇರುತ್ತಿತ್ತು. ಜಾಲತಾಣವಾದರೋ ನಿಮಗೆ ತೋರಿಸುವುದೇ ಬೇರೆ, ನಿಮ್ಮ ಪಕ್ಕದವರಿಗೆ ತೋರಿಸುವುದೇ ಬೇರೆ. ಹೊರಗಿನಿಂದ ಅಳೆಯಲಾಗದ್ದಕ್ಕೆ ನಿಯಮ ಮಾಡಿದರೆ ಪಾಲನೆಯಾಯಿತೆಂದು ತಿಳಿಯುವುದಾದರೂ ಹೇಗೆ? ಅಳತೆಯ ಹೊಣೆಯನ್ನು ಸರ್ಕಾರಕ್ಕೇ ಒಪ್ಪಿಸಿದರೆ, ಅಧಿಕಾರದಲ್ಲಿರುವ ಅಭ್ಯರ್ಥಿಯ ಕೈಗೇ ತಕ್ಕಡಿ ಕೊಟ್ಟಂತಾಗದೆ?

ನಿಮ್ಮ ತರಗತಿಯಲ್ಲಿ ಇದನ್ನು ಚರ್ಚೆಗೆ ಇಡಿ. ಕಾನೂನು ಬರೆಯುವ ಮುನ್ನ ಅಳತೆಗೋಲು ಬೇಕು. ಅದನ್ನು ರೂಪಿಸುವ ಕೆಲಸದಲ್ಲಿ ವಿಜ್ಞಾನ ಕಲಿತವರ ಪಾಲೂ ಇದೆ.