ವಿದ್ಯುತ್ ಕುಕ್ಕರಿನಲ್ಲಿ ರೆಂದಾಂಗ್

ಇಂಡೊನೇಷ್ಯಾದ ಪಶ್ಚಿಮ ಸುಮಾತ್ರಾದ ಮಿನಾಂಗ್‌ಕಬಾವ್ ಜನರ ಪ್ರಸಿದ್ಧ ಖಾದ್ಯ ರೆಂದಾಂಗ್. ದನದ ಮಾಂಸವನ್ನು ತೆಂಗಿನ ಹಾಲು, ಮೆಣಸಿನಕಾಯಿ, ಸಾಂಬಾರ್ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಮಜ್ಜಿಗೆಹುಲ್ಲು ಹಾಗೂ ಅರಿಶಿನದ ಎಲೆಯೊಂದಿಗೆ ಸಣ್ಣ ಉರಿಯಲ್ಲಿ ಹಲವು ಗಂಟೆ ಬೇಯಿಸುವುದು ಸಂಪ್ರದಾಯ. ನೀರಿನಂಶ ಇಂಗಿದ ಬಳಿಕ, ತೆಂಗಿನ ಹಾಲು ಬಿಟ್ಟ ಎಣ್ಣೆಯಲ್ಲಿಯೇ ಮಾಂಸವು ಹುರಿದು ಕಡುಗಂದು ಬಣ್ಣಕ್ಕೆ ತಿರುಗುತ್ತದೆ. ರಸ ಉಳಿದಿರುವ ನಡುವಣ ಹಂತಕ್ಕೆ ಅಲ್ಲಿ ‘ಕಾಲಿಯೊ’ ಎಂದು ಹೆಸರು.

ವಿದ್ಯುತ್ ಪ್ರೆಶರ್ ಕುಕ್ಕರಿನಲ್ಲಿ ಮಾಂಸ ಸುಮಾರು 35 ನಿಮಿಷಗಳಲ್ಲಿ ಮೆತ್ತಗಾಗುತ್ತದೆ. ಆದರೆ ಆವಿ ಹೊರಹೋಗದ ಕಾರಣ ಅಡುಗೆ ಕಾಲಿಯೊ ಹಂತದಲ್ಲಿಯೇ ನಿಲ್ಲುತ್ತದೆ. ಆದುದರಿಂದ ಒತ್ತಡ ಪೂರ್ಣವಾಗಿ ಇಳಿದ ನಂತರ ಮುಚ್ಚಳ ತೆಗೆದು, ಕುಕ್ಕರನ್ನು ಹುರಿಯುವ ಕ್ರಮಕ್ಕೆ ಬದಲಿಸಿ, ತಳ ಹಿಡಿಯದಂತೆ ಕೈಯಾಡಿಸುತ್ತ ಸುಮಾರು ಅರ್ಧ ಗಂಟೆ ಇಂಗಿಸುವುದು ಅವಶ್ಯ. ರೆಂದಾಂಗ್‌ಗೆ ಅದರ ರುಚಿಯೂ ಬಹುಕಾಲ ಕೆಡದಿರುವ ಗುಣವೂ ಬರುವುದು ಈ ಕೊನೆಯ ಹಂತದಿಂದಲೇ.